ಬೀಗ ಹಾಕಿದ ಮನೆ ಕರೆದ ಮಧ್ಯಾಹ್ನ

ಇದು 2016ರ ಏಪ್ರಿಲ್ ತಿಂಗಳಲ್ಲಿ ನಡೆದದ್ದು. ಅದಕ್ಕೆ ಮುಂಚೆ ಎರಡು ವರ್ಷ ಮಳೆ ಕೈಕೊಟ್ಟಿತ್ತು. ಬೀದರಿನ ಮೈಲೂರಿನಲ್ಲಿ ನಮ್ಮ ಮನೆಯ ನಳಕ್ಕೆ ಯಾವ ದಿನ ನೀರು ಬಂತು, ಯಾವ ದಿನ ಬರಲಿಲ್ಲ ಎಂದು ನಾನು ದಿನಚರಿಯಲ್ಲಿ ಗೀಟು ಹಾಕಿ ಇಡುತ್ತಿದ್ದೆ. "ನೀ ಗೀಟು ಎಣಿಸಿದ್ರ ನಳ ಬರ್ತದೇನು?" ಎಂದು ಅಮ್ಮ ನಗುತ್ತಿದ್ದಳು. ಹತ್ತನೇ ತರಗತಿಯಿಂದ ನನಗೆ ಈ ಹುಚ್ಚು. ಬಿಸಿಲೆಷ್ಟು, ಬಸ್ಸು ಎಷ್ಟು ತಡ, ಯಾರು ಬಂದರು, ಎಲ್ಲವನ್ನೂ ತಾರೀಖು ಹಾಕಿ ಬರೆಯುತ್ತೇನೆ. ಆದರೆ ಈಗ ಹೇಳುವ ಸಂಗತಿಯನ್ನು ನೆನಪಿಸಿಕೊಳ್ಳಲು ನನಗೆ ದಿನಚರಿ ಬೇಕಾಗಿಲ್ಲ.

ನಾನಾಗ ಕಟ್ಟಡ ವಿನ್ಯಾಸದ ಓದು ಮುಗಿಸಿ ಬೀದರಿನ ಒಂದು ಸಣ್ಣ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಫೆಬ್ರವರಿಯಲ್ಲಿ ಒಂದು ದಿನ ಔರಾದ ತಾಲ್ಲೂಕಿನ ಒಂದು ಸಣ್ಣ ಊರಿನಿಂದ ತೇಜಮ್ಮ ಎಂಬ ಹೆಂಗಸು ಬಂದರು. ಊರ ಮಹಿಳಾ ಸಂಘದ ಮುಖ್ಯಸ್ಥೆ. ನಲವತ್ತೈದರ ಆಸುಪಾಸು. ಕುರ್ಚಿ ತೋರಿಸಿದರೂ ಕೂರದೆ ನಿಂತೇ ಹೇಳಿದರು.

"ನಮಗೊಂದು ಭವನ ಬೇಕ್ರಿ. ಊರಾಗ ಅರ್ಧ ಮಂದಿ ಹೈದರಾಬಾದಿಗಿ, ಪುಣೆಕ್ಕ ದುಡಿಲಿಕ್ಕ ಹೋಗ್ಯಾರ. ಅವರ ಮಕ್ಕಳನ್ನ ನಾವು ಇಟಗೊಂಡೇವಿ. ಬಿಸಲಿಗಿ ಕೂಡಲಿಕ್ಕ ಒಂದು ನೆರಳಿಲ್ಲ. ಆದ್ರ ಸಿಮೆಂಟ್ ಬ್ಯಾಡ್ರಿ."

"ಯಾಕ್ರಿ?" ಎಂದೆ.

"ಸಿಮೆಂಟಿಗಿ ದಿನಾ ನೀರು ಹೊಡೀಬೇಕಲ್ರಿ ಬಾಯಾರ. ಕುಡೀಲಿಕ್ಕೇ ಟ್ಯಾಂಕರ್ ಬರ್ತದ. ಗ್ವಾಡಿಗಿ ಎಲ್ಲಿಂದ ಕುಡಿಸೋಣು?"

ಕಾಲೇಜಿನಲ್ಲಿ ಪರಿಸರಸ್ನೇಹಿ ಕಟ್ಟಡದ ಬಗ್ಗೆ ಎಷ್ಟೋ ಪಾಠ ಕೇಳಿದ್ದೆ. ಅದರ ಅಗತ್ಯವನ್ನು ಇಷ್ಟು ಸಣ್ಣ ಮಾತಿನಲ್ಲಿ ಯಾರೂ ಹೇಳಿರಲಿಲ್ಲ. ಕಟ್ಟಿಗೆಯ ಭವನ ಮಾಡೋಣ ಎಂದು ಅವತ್ತೇ ನಿರ್ಧಾರವಾಯಿತು. ಕಟ್ಟಿಗೆಗಾಗಿ ಒಂದು ಮರವನ್ನೂ ಕಡಿಯುವುದು ಬೇಡ. ಊರಲ್ಲಿ ಬೀಗ ಬಿದ್ದ, ಮಣ್ಣಿನ ಚಾವಣಿಯ ಹಳೆಯ ಮಾಳಿಗೆ ಮನೆಗಳಿದ್ದವು. ಅವುಗಳ ಸಾಗವಾನಿ ಕಂಬ, ತೊಲೆ, ಜಂತಿಗಳು ಗೆದ್ದಲಿಗೆ ಆಹಾರವಾಗುವುದಕ್ಕಿಂತ ಭವನಕ್ಕೆ ಬರಲಿ ಎಂದು ಯೋಚಿಸಿದೆವು. ನೆಲಕ್ಕೆ ಬೀದರಿನ ಪಕ್ಕದ ಕೊಳಾರದ ಗೋದಾಮುಗಳಲ್ಲಿ ಎಸೆಯುವ ಪ್ಯಾಕಿಂಗ್ ಹಲಗೆ. ಮೊಳೆ ಕಡಿಮೆ, ಮರದ ಗೂಟದ ಜೋಡಣೆ ಹೆಚ್ಚು. ಬೇಕೆಂದರೆ ಇಡೀ ಕಟ್ಟಡವನ್ನು ಬಿಚ್ಚಿ ಬೇರೆ ಕಡೆ ಕಟ್ಟಬಹುದು.

ಇದನ್ನು ಊರಲ್ಲಿ ವಿವರಿಸಿದಾಗ ಟ್ರ್ಯಾಕ್ಟರ್ ವೈಜಿನಾಥ ಎಲ್ಲರೆದುರು ನಕ್ಕರು. "ಇದು ಛಲೋ ಆಯ್ತು ನೋಡ್ರಿ. ನಾಳಿ ಊರೇ ಖಾಲಿ ಆದ್ರ ಭವನ ಬಿಚ್ಚಿ ನನ್ನ ಟ್ರ್ಯಾಕ್ಟರದಾಗ ಹಾಕ್ಕೊಂಡು ಹೈದರಾಬಾದಿಗಿ ಹೋಗಾಮಿ!" ಯಾರೂ ನಗಲಿಲ್ಲ. ಆ ವರ್ಷ ಆ ಊರಿನಲ್ಲಿ ಊರು ಬಿಡುವ ಮಾತು ತಮಾಷೆಗೂ ಆಡುವಂಥದ್ದಾಗಿರಲಿಲ್ಲ.

ಕಟ್ಟಿಗೆ ಕೆಲಸಕ್ಕೆ ಭಾಲ್ಕಿಯ ಮೋನಪ್ಪ ಬಡಿಗೇರರನ್ನು ಗೊತ್ತುಮಾಡಿದೆವು. ಐವತ್ತು ದಾಟಿದವರು. ಕೈಗಿಂತ ಬಾಯಿ ಜೋರು. ಮೊದಲ ದಿನವೇ ನನ್ನ ಹೆಸರು ಕೇಳಿ, "ಕರುಣಾ ಅಂತ ಹೆಸರು ಇಟಗೊಂಡು ಹಿಂಗ ಸ್ಕೇಲ್ ಹಿಡದು ಬೈತೀರಿ? ನೀವು ಕರುಣಾ ಅಲ್ಲ, ನಕ್ಷಾ ಬಾಯಿ" ಎಂದುಬಿಟ್ಟರು. ಅಲ್ಲಿಂದ ನನ್ನನ್ನು ಹಾಗೆಯೇ ಕರೆದರು. ಉಳಿದವರಿಗೆ ನಾನು 'ಬಾಯಾರ' ಅಥವಾ 'ಮೇಡಂ'.

ಬೀಗ ಬಿದ್ದ ಮನೆಗಳಲ್ಲಿ ಬಿರಾದಾರರ ಮನೆ ದೊಡ್ಡದು. ಮಾಲೀಕರು ಎರಡು ವರ್ಷದ ಹಿಂದೆ ಹೈದರಾಬಾದಿಗೆ ಹೋಗಿದ್ದರು. ಫೋನಿನಲ್ಲಿ ಕೇಳಿದಾಗ, "ತಗೋರಿ, ಮಕ್ಕಳಿಗಿ ನೆರಳಾಗಲಿ" ಎಂದು ಒಪ್ಪಿ ಹಿತ್ತಲ ಬಾಗಿಲಿನ ಕೀಲಿಕೈ ಕಳಿಸಿದ್ದರು. ಮುಂಬಾಗಿಲಿನ ಕೀಲಿಕೈ ಎಲ್ಲೋ ಕಳೆದಿತ್ತು. ಹಿತ್ತಲ ಕೀಲಿಕೈಯನ್ನು ಮೋನಪ್ಪ ಇಟ್ಟುಕೊಂಡರು.

ಆ ಓಣಿಗೆ ಮೊದಲ ಸಲ ಹೋದದ್ದು ಚೆನ್ನಾಗಿ ನೆನಪಿದೆ. ಎರಡೂ ಬದಿ ಮನೆಗಳು, ಎಲ್ಲಕ್ಕೂ ಬೀಗ. ಬೀಗಗಳಿಗೆ ಧೂಳು ಹೋಗದಂತೆ ಬಟ್ಟೆ ಸುತ್ತಿದ್ದರು. ಕೆಂಪು, ಹಸಿರು, ಹಳೆಯ ಸೀರೆಯ ಚೂರು. ಗಾಳಿ ಬಂದಾಗ ಆ ಬಟ್ಟೆಯ ತುದಿಗಳೆಲ್ಲ ಒಮ್ಮೆಗೇ ಅಲುಗುತ್ತಿದ್ದವು. ಹೊಸ್ತಿಲ ಪಕ್ಕ ಒಂದೊಂದು ಕೊಡ ಬೋರಲು ಹಾಕಿತ್ತು. ನಾಯಿಗಳೂ ಇರಲಿಲ್ಲ. ನನ್ನ ಬೂಟಿನ ಸಪ್ಪಳ ನನಗೇ ದೊಡ್ಡದಾಗಿ ಕೇಳಿತು. ತೇಜಮ್ಮ ಆ ಓಣಿಯಲ್ಲಿ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಬೇಗ ಬೇಗ ನಡೆಯುತ್ತಿದ್ದರು.

"ಒಂದು ಮಾತು ಹೇಳ್ತೇನಿ ಬಾಯಾರ, ನಗಬ್ಯಾಡ್ರಿ. ಇಲ್ಲಿ ಯಾರರೆ ಕರದ್ರ ಓ ಅನಬ್ಯಾಡ್ರಿ."

"ಯಾರು ಕರೀತಾರ್ರಿ? ಯಾರೂ ಇಲ್ಲಲ್ಲ."

"ಅದಕ್ಕೇ ಹೇಳ್ತೇನಿ. ಬೀಗ ಹಾಕಿದ ಮನಿಗಿ ಒಬ್ಬಂಟಿ ಇರಲಿಕ್ಕ ಆಗಲ್ಲ. ಮಧ್ಯಾಹ್ನ ಹೊತ್ತು ಓಣಿಯಾಗ ಹೋಗೋರನ್ನ ಕರೀತದ. ಒಂದೇ ಸಲ ಕರೀತದ. ಓ ಅಂದೋರು ಆ ವರ್ಷ ತಮ್ಮ ಮನಿಗೂ ಬೀಗ ಹಾಕ್ತಾರ. ನಮ್ಮ ಕಡಿ ಎಷ್ಟು ಮಂದಿ ಹಂಗೇ ಹೋದ್ರು."

ಅವರ ಮನೆಯ ಗೋಡೆಯಲ್ಲಿ ಬುದ್ಧನ ಪಟವಿತ್ತು, ದೇವರು ದೆವ್ವದ ಮಾತು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಅದನ್ನೇ ಕೇಳಿದೆ. "ನೀವೂ ನಂಬ್ತೀರೇನ್ರಿ?"

"ನಂಬಲ್ರಿ" ಎಂದರು. ಸ್ವಲ್ಪ ದೂರ ಹೋದ ಮೇಲೆ ಹೇಳಿದರು, "ಆದ್ರ ಓ ಅನ್ನಲ್ಲ."

ಅವರ ಗಂಡ ಆಗಲೇ ಪುಣೆಯಲ್ಲಿ ಕಾವಲು ಕೆಲಸದಲ್ಲಿದ್ದ. ನೀನೂ ಬಾ ಎಂದು ವಾರಕ್ಕೊಮ್ಮೆ ಫೋನು. ಹನ್ನೊಂದು ಮಕ್ಕಳನ್ನು, ಅವೂ ತನ್ನವಲ್ಲದ ಮಕ್ಕಳನ್ನು ಬಿಟ್ಟು ಹೋಗಲಾರೆ ಎಂದು ಇವರು ಕುಳಿತಿದ್ದರು. ಊರಿನಲ್ಲಿ ಉಳಿದ ಎಲ್ಲರದೂ ಹೀಗೆ ಒಂದು ಕಾಲು ಹೊಸ್ತಿಲ ಹೊರಗೆ. ಒಂದು 'ಓ' ಸಾಕಿತ್ತು, ಇನ್ನೊಂದು ಕಾಲೂ ಹೊರಬರಲು. ಅವರ ಹೆದರಿಕೆ ನನಗೆ ಅರ್ಥವಾಯಿತು.

ಮೋನಪ್ಪ ಮಾತ್ರ ಜೋರಾಗಿ ನಕ್ಕರು. "ಮನಿ ಕರೆಯೂದಿಲ್ಲ ತೇಜವ್ವ, ಕಟಗಿ ಮಾತಾಡ್ತದ. ಒಣಗಿದ ತೊಲಿ ಬಿಸಲಿಗಿ ಟಕ್ ಅಂತದ. ನೀವು ಅದಕ್ಕ ಹೆಸರು ಕೊಟ್ಟು ಕುಂತೀರಿ."

ಅವರ ಜೊತೆ ಹಿತ್ತಲಿಂದ ಒಳಗೆ ಹೋಗಿ ಎರಡು ದಿನ ಅಳತೆ ಮಾಡಿದೆ. ತೇಜಮ್ಮ ಮಾತ್ರ ಹಿತ್ತಲ ಬೇಲಿಯ ಹತ್ತಿರ ನಿಂತರು. ಒಳಗೆ ಬನ್ನಿ ಎಂದರೆ, "ನಮ್ಮತ್ತಿ, ನಮ್ಮತ್ತಿಯ ಅತ್ತಿ, ಎಲ್ಲರೂ ಈ ಮನಿ ಹೊಸ್ತಿಲ ಹೊರಗೇ ನಿಂತು ಮೊರದಾಗ ಜೋಳ ಹಾಕಿಸಿಕೊಂಡು ಹೋದೋರು. ಒಳಗ ಹ್ಯಾಂಗದ ಅಂತ ನಾವು ನೋಡೇ ಇಲ್ಲ. ಈಗ ಯಾಕ ಬಿಡ್ರಿ" ಎಂದರು.

ಒಳಗೆ ಮಬ್ಬುಗತ್ತಲು. ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಪಡಸಾಲೆಯ ನೆಲದ ಮೇಲೆ ಬಿದ್ದಿತ್ತು. ಹದಿನಾಲ್ಕು ಕಂಬ. ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಗಟ್ಟಿಯೋ ಪೊಳ್ಳೋ ಎಂದು ನಕ್ಷೆಯಲ್ಲಿ ಗುರುತು ಹಾಕಿದೆ. ತೊಲೆಗಳನ್ನೂ ಹಾಗೆಯೇ. ಪೊಳ್ಳು ಕಂಬವನ್ನು ತಟ್ಟಿದಾಗ ಒಳಗೆ ಏನೋ ಸರಿದಾಡಿದ ಹಾಗೆ ಸದ್ದು ಬರುತ್ತಿತ್ತು. ಗೆದ್ದಲು ತಿಂದ ಮಣ್ಣು ಉದುರುವುದು ಅದು, ನನಗೆ ಗೊತ್ತು. ಆದರೂ ಕೈ ಹಿಂದಕ್ಕೆ ಬರುತ್ತಿತ್ತು. ಪಡಸಾಲೆಯ ಮೂಲೆಯಲ್ಲಿ, ಓಣಿಯ ಗೋಡೆಗೆ ತಾಗಿಕೊಂಡು, ಒಂದು ಕಡೆ ನಡೆದಾಗ ನೆಲವೂ ಪೊಳ್ಳು ದನಿ ಮಾಡಿತು. ಹಳೆಯ ನೆಲ, ಇಲಿ ಬಿಲ ತೋಡಿರಬಹುದು ಎಂದರು ಮೋನಪ್ಪ. ನಾವು ಮೇಲೆ ನೋಡುವ ಗಡಿಬಿಡಿಯಲ್ಲಿದ್ದೆವು. ಕೆಳಗೆ ನೋಡಲಿಲ್ಲ.

ಮಾಳಿಗೆಯ ಮಣ್ಣು ಇಳಿಸುವ ಕೆಲಸ ಒಂದು ಬುಧವಾರದಿಂದ ಶುರುವಾಗಬೇಕಿತ್ತು. ಮೋನಪ್ಪ ತಮ್ಮ ಇಬ್ಬರು ಆಳುಗಳೊಂದಿಗೆ ಅವತ್ತು ಬೆಳಿಗ್ಗೆ ಬರುವುದೆಂದು ಮಾತಾಗಿತ್ತು. ಭವನದ ಜಾಗದಲ್ಲಿ ಸುಣ್ಣದ ಗೆರೆ ಎಳೆಯಲು ನಾನು ಹಿಂದಿನ ದಿನ, ಮಂಗಳವಾರವೇ, ಬೀದರಿನಿಂದ ಬಸ್ಸು ಹಿಡಿದು ಹೋದೆ.

ಅವತ್ತಿನ ಬಿಸಿಲನ್ನು ಹೇಗೆ ಹೇಳಲಿ? ಮಧ್ಯಾಹ್ನ ಹನ್ನೆರಡಕ್ಕೆಲ್ಲ ಊರಿನ ಬಣ್ಣವೇ ಹೋಗಿ, ಎಲ್ಲ ಬಿಳಿ ಬಿಳಿ ಕಾಣುತ್ತಿತ್ತು. ಬೇವಿನ ಮರದಲ್ಲಿ ಒಂದು ಕಾಗೆ ಬಾಯಿ ತೆರೆದುಕೊಂಡು ಕುಳಿತಿತ್ತು, ಕೂಗುತ್ತಿರಲಿಲ್ಲ. ಸುಣ್ಣ ಮುಗಿದಿತ್ತು. ತೇಜಮ್ಮನ ಮನೆಯಿಂದ ಇನ್ನೊಂದು ಚೀಲ ತರಲು ನಾನೊಬ್ಬಳೇ ಹೊರಟೆ. ಬಿರಾದಾರರ ಓಣಿಯಿಂದ ಹೋದರೆ ಹತ್ತಿರ.

ಓಣಿಯ ನಡುವೆ ಬಂದಿದ್ದೆ. ಆಗ ಕೇಳಿತು.

"ನಕ್ಷಾ ಬಾಯೀ..."

ಒಂದೇ ಸಲ. ಹಿಂದಿನಿಂದಲ್ಲ, ಮುಂದಿನಿಂದಲ್ಲ. ಕೆಳಗಿನಿಂದ ಬಂದಂತಿತ್ತು. ದೊಡ್ಡ ಹಂಡೆಯೊಳಗೆ ಬಾಯಿಟ್ಟು ಯಾರೋ ಮೆಲ್ಲಗೆ ಕರೆದಂತೆ. ನನ್ನ ಎರಡೂ ಕಾಲು ನಿಂತುಬಿಟ್ಟವು. ಎಡಕ್ಕೆ ಬಿರಾದಾರರ ಮನೆ. ಮುಂಬಾಗಿಲಿಗೆ ಬೀಗ ಹಾಗೆಯೇ ಇತ್ತು, ಅದರ ಕೆಂಪು ಬಟ್ಟೆಯೂ. ಗಾಳಿ ಇರಲಿಲ್ಲ. ಬಟ್ಟೆ ಅಲುಗುತ್ತಿರಲಿಲ್ಲ. ಬೋರಲು ಕೊಡದ ಮೇಲೆ ಒಂದು ಓತಿಕ್ಯಾತ ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು.

ಅಮ್ಮ ಪ್ರತಿ ಭಾನುವಾರ ನಮ್ಮನ್ನು ಚರ್ಚಿಗೆ ಕರೆದೊಯ್ದು ಬೆಳೆಸಿದವಳು. ಇಂಥದ್ದನ್ನೆಲ್ಲ ನಂಬಬಾರದೆಂದು ಕಲಿಸಿದವಳು. ಆದರೂ ಬಾಯಿಗೆ ಬಂದ 'ಓ' ನುಂಗಿಕೊಂಡೆ. ಬಿಸಿಲಿಗೆ ತಲೆ ಸುತ್ತಿರಬೇಕು ಎಂದುಕೊಂಡೆ. ಮೋನಪ್ಪ ಭಾಲ್ಕಿಯಲ್ಲಿದ್ದಾರೆ, ನಾಳೆ ಬರುತ್ತಾರೆ, ಬೀಗ ಹಾಗೆಯೇ ಇದೆ ಎಂದು ಒಂದೊಂದೇ ಹೇಳಿಕೊಂಡೆ. ಓಡಲಿಲ್ಲ, ಆದರೆ ನಡೆದದ್ದೂ ಅಲ್ಲ.

ತೇಜಮ್ಮ ನನ್ನ ಮುಖ ನೋಡಿ ಒಂದು ಚರಿಗೆ ನೀರು ಕೊಟ್ಟರು. ಆ ಊರಿನಲ್ಲಿ ಅವತ್ತು ಒಂದು ಚರಿಗೆ ನೀರು ಎಂದರೆ ಸಣ್ಣದಲ್ಲ. ಕುಡಿದು ಸುಮ್ಮನೆ ಮಕ್ಕಳ ಜೊತೆ ನೆರಳಲ್ಲಿ ಕುಳಿತೆ.

ಮೂರು ಗಂಟೆಯ ಹೊತ್ತಿಗೆ ಟ್ಯಾಂಕರ್ ಬಂತು. ಊರೆಲ್ಲ ಕೊಡ ಹಿಡಿದು ಸಾಲು ನಿಂತಿತು. ನನ್ನ ಮುಂದೆ ಒಬ್ಬ ಹೊಸ ಸೊಸೆ ನಿಂತಿದ್ದಳು. ಅವಳು ಅಳುತ್ತಿರುವುದು ಮೊದಲು ಕಂಡದ್ದು ತೇಜಮ್ಮನಿಗೆ.

"ಯಾಕ ಅಳ್ತಿ? ಅತ್ತಿ ಬೈದ್ಳೇನು?"

"ಇಲ್ಲ ಚಿಗವ್ವ. ಮುಂಜಾನಿ ಬಿರಾದಾರ ಮನಿ ಕರೀತು. ಎವ್ವಾ ಅಂತ ಕರೀತು. ನಾ ಓ ಅನ್ನಲಿಲ್ಲ ಖರೆ, ಆದ್ರ ಹೊಳ್ಳಿ ನೋಡಿಬಿಟ್ಟೆ. ಹೊಳ್ಳಿ ನೋಡಿದ್ರೂ ಊರು ಬಿಡಬೇಕಾಗ್ತದೇನು?"

ಕೊಡದೊಳಗೆ ನೀರು ಬೀಳುವ ಸದ್ದು ಮಾತ್ರ. ಆಮೇಲೆ ಟ್ರ್ಯಾಕ್ಟರ್ ವೈಜಿನಾಥ ಗಂಟಲು ಸರಿಮಾಡಿಕೊಂಡು, "ನನಗೂ ಕರೀತು" ಎಂದರು. ಯಾವಾಗಲೂ ತಮಾಷೆ ಮಾಡುವ ಮನುಷ್ಯ, ಈಗ ತಲೆ ಎತ್ತಲಿಲ್ಲ. "ಹತ್ತು ಗಂಟಿಗಿ. ವೈಜಿನಾಥಾ ಅಂತು. ನಾ ಟ್ರ್ಯಾಕ್ಟರ್ ಬಿಟ್ಟು ಓಡಿ ಬಂದೇನಿ. ಇನ್ನೂ ಅಲ್ಲೇ ಓಣಿ ಬಾಯಾಗ ನಿಂತದ."

"ನೀ ಓಡಿದಿ?" ಯಾರೋ ಕೇಳಿದರು.

"ನೀ ಇದ್ರ ಕುಂತು ಚಹಾ ಕುಡೀತಿದ್ದಿ ಏನು?"

ಈ ಸಲ ಒಂದಿಬ್ಬರು ನಕ್ಕರು. ಆದರೆ ಆ ನಗು ಬೇಗ ಸತ್ತಿತು. ಒಂದೇ ದಿನ ಇಬ್ಬರನ್ನು ಕರೆದದ್ದು ಹಿಂದೆಂದೂ ಇಲ್ಲ ಎಂದು ಹಿರಿಯರೊಬ್ಬರು ಹೇಳಿದರು. ತೇಜಮ್ಮ ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಬಾಯಾರ, ನಿಮ್ಮನ್ನೂ ಕರೀತೇನ್ರಿ?"

ನಾನು ತಲೆಯಾಡಿಸಿದೆ.

"ಏನಂತ ಕರೀತು?"

"ನಕ್ಷಾ ಬಾಯಿ ಅಂತ."

ನನ್ನ ಬಾಯಿಂದ ಆ ಮಾತು ಹೊರಬಂದದ್ದೇ ತಡ, ಅದು ನನಗೇ ಬೇರೆ ಥರ ಕೇಳಿತು. ತೇಜಮ್ಮನಿಗೂ ಹಾಗೆಯೇ ಆಯಿತೆಂದು ಕಾಣುತ್ತದೆ. ಅವರ ಕೈಯ ಕೊಡ ಕೆಳಗೆ ಬಂತು. "ಆ ಮನಿಗಿ ಬೀಗ ಬಿದ್ದು ಎರಡು ವರ್ಷ ಆತು. ನೀವು ಬಂದು ಎರಡು ತಿಂಗಳು. ಹಂಗ ನಿಮ್ಮನ್ನ ಕರೆಯೋನು ಈ ಊರಾಗ ಒಬ್ಬನೇ ಅದಾನಲ್ರಿ."

ಭಾಲ್ಕಿಯಲ್ಲಿ ಇರಬೇಕಾದ ಮೋನಪ್ಪನಿಗೆ ಫೋನು ಮಾಡಿದೆ. ರಿಂಗೇ ಆಗಲಿಲ್ಲ. ಅವರ ಮನೆಯ ನಂಬರಿಗೆ ಮಾಡಿದರೆ ಹೆಂಡತಿ, "ಇವತ್ತು ಇಲ್ಲಿ ಕೆಲಸ ಇದ್ದಿಲ್ರಿ. ಒಂದು ದಿನ ಮೊದಲೇ ಹೋಗಿ ಜಂತಿಗಿ ಗುರುತು ಹಾಕ್ತೇನಂತ ನಸಕನ್ಯಾಗೇ ಹಾಲಿನ ಗಾಡ್ಯಾಗ ಹೋಗ್ಯಾರಲ್ಲ!" ಎಂದರು.

ಆಮೇಲೆ ಯಾರು ಯಾವ ಕೊಡ ಎಲ್ಲಿ ಬಿಟ್ಟರೋ ಗೊತ್ತಿಲ್ಲ. ಎಲ್ಲರೂ ಓಡಿದೆವು. ಮನೆಯ ಹಿಂದೆ ಹೋಗಿ ನೋಡಿದರೆ ಹಿತ್ತಲ ಬಾಗಿಲು ತೆರೆದಿತ್ತು. ಮುಂದಿನ ಬೀಗ ನೋಡಿ ಎಲ್ಲರೂ ಮನೆ ಖಾಲಿ ಎಂದುಕೊಂಡಿದ್ದೆವು.

ಬಾಗಿಲಲ್ಲಿ ಎಲ್ಲರ ಕಾಲೂ ನಿಂತವು. ಒಳಗಿನ ಕತ್ತಲು ಹೊರಗಿನ ಬಿಸಿಲಿನಿಂದ ಇನ್ನೂ ಕಪ್ಪಾಗಿ ಕಾಣುತ್ತಿತ್ತು. "ಮೋನಪ್ಪ ಅವರೇ" ಎಂದು ಕೂಗಿದೆ. ಉತ್ತರವಿಲ್ಲ. ಪಡಸಾಲೆಯವರೆಗೆ ಹೋದೆ. ಬೆಳಕಿಂಡಿಯ ಬಿಸಿಲು ಕೋಲು ಈಗ ಗೋಡೆಯ ಮೇಲಿತ್ತು. ಕಂಬಗಳು ಸುಮ್ಮನೆ ನಿಂತಿದ್ದವು. ಒಂದು ಕಂಬಕ್ಕೆ ಮೋನಪ್ಪನ ಅಂಗಿ ನೇತುಹಾಕಿತ್ತು, ಮನುಷ್ಯ ಇರಲಿಲ್ಲ. ಮೇಲೆ ಒಂದು ತೊಲೆ ಟಕ್ ಎಂದಿತು. ಹಿಂದಿದ್ದವರೆಲ್ಲ ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿದದ್ದು ಕೇಳಿಸಿತು.

ಅಷ್ಟರಲ್ಲಿ ತೇಜಮ್ಮ ಹೊಸ್ತಿಲ ಹೊರಗೆ ನಿಂತು ಯಾರಿಗೋ, "ಕಂದೀಲ ತರ್ರಿ" ಎಂದರು. ಅವರ ದನಿ ಮುಗಿಯುತ್ತಿದ್ದಂತೆ ನೆಲದಡಿಯಿಂದ ಬಂತು.

"ತೇಜವ್ವಾ..."

ಬಹಳ ಸಣ್ಣಗೆ. ಅದೇ ಹಂಡೆಯೊಳಗಿನ ದನಿ. ಎಲ್ಲಿಂದ ಎಂದು ತಿಳಿಯಲಿಲ್ಲ. ನಾನು ಮೂಲೆ ಮೂಲೆ ನೋಡಿದೆ. ಇನ್ನೊಂದು ಸಲ ಕರೆಯಲಿ ಎಂದು ಕಾದೆ. ಕರೆಯಲಿಲ್ಲ. ಯಾರಾದರೂ ಓಗೊಟ್ಟರೆ ಮಾತ್ರ ಮತ್ತೆ ಕರೆದಾರು ಎಂದು ನನಗೆ ಹೊಳೆದು ಬಾಗಿಲ ಕಡೆ ನೋಡಿದೆ. ಎಲ್ಲರೂ ತೇಜಮ್ಮನನ್ನು ನೋಡುತ್ತಿದ್ದರು. ಕರೆದದ್ದು ಅವರನ್ನು.

ಅವರ ಒಂದು ಕೈ ಚೌಕಟ್ಟಿನ ಮೇಲಿತ್ತು. ಅದು ಮೋನಪ್ಪನೇ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ, ಆ ಒಂದು ಅಕ್ಷರ ಬಾಯಿಗೆ ತರಲು ಅವರು ಪಟ್ಟ ಕಷ್ಟವನ್ನು ನಾನು ಕಣ್ಣಾರೆ ನೋಡಿದೆ. ಹಿಂದಿನಿಂದ ಒಬ್ಬ ಮುದುಕಿ, "ಬ್ಯಾಡ ತೇಜಿ, ಆ ಮಕ್ಕಳ ಗತಿ ಏನು" ಎಂದಳು.

ತೇಜಮ್ಮ ಸೆರಗನ್ನು ಕಿವಿಯ ಮೇಲಿಂದ ತೆಗೆದರು. ಹೊಸ್ತಿಲು ದಾಟಿ ಒಳಗೆ ಬಂದರು. "ಓ..." ಎಂದರು. ಮನೆಯ ಜಂತಿಗಳೆಲ್ಲ ನಡುಗುವಷ್ಟು ಜೋರಾಗಿ. "ಓ ಮೋನಪ್ಪಾ! ನಾ ಬಂದೇನಿ. ಎಲ್ಲಿ ಅದಿ?"

"ಇಲ್ಲೇ ಅದೇನಿ... ನೆಲದಾಗ..."

"ಓ!" ಎಂದೆ ನಾನೂ. "ಓ!" ಎಂದರು ವೈಜಿನಾಥ. ಆ ಅಳುತ್ತಿದ್ದ ಸೊಸೆಯೂ ಎಂದಳು. ಆಮೇಲೆ ಬಾಗಿಲಲ್ಲಿದ್ದವರೆಲ್ಲ ಎಂದರು. ಆ ದನಿ ಹಿಡಿದು ಹೋಗಿ ಓಣಿಯ ಗೋಡೆಯ ಮೂಲೆಯಲ್ಲಿ ನೋಡಿದರೆ, ನೆಲದಲ್ಲಿ ಒಂದು ಕಪ್ಪು ಬಾಯಿ.

ಅದು ಹಗೇವು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕೊಡದಾಕಾರದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಯಾವ ಕಾಲದಲ್ಲೋ ಅದರ ಬಾಯಿಗೆ ಹಲಗೆ ಮುಚ್ಚಿ, ಮೇಲೆ ಮಣ್ಣು ಮೆತ್ತಿ ಸಾರಿಸಿಬಿಟ್ಟಿದ್ದರು. ಹಲಗೆಯ ಒಂದು ಪಕ್ಕವನ್ನು ಗೆದ್ದಲು ತಿಂದಿತ್ತು. ಮೇಲಿನ ಜಂತಿ ನೋಡುತ್ತ ಹಿಂದೆ ಸರಿದ ಮೋನಪ್ಪ ಅದರ ಮೇಲೆ ಕಾಲಿಟ್ಟಿದ್ದರು.

ನಾನು ಬಗ್ಗಿ ನೋಡಹೋದೆ. ವೈಜಿನಾಥ ತೋಳು ಹಿಡಿದು ಎಳೆದರು. "ಬಗ್ಗಬ್ಯಾಡ್ರಿ! ಹಗೇದಾಗ ಕೆಟ್ಟ ಗಾಳಿ ಇರ್ತದ, ಮನುಷ್ಯಾಗ ನಿದ್ದಿ ಹತ್ತಿಸ್ತದ." ಬೇವಿನ ದೊಡ್ಡ ಟೊಂಗೆ ಮುರಿದು ತಂದು ಗುಂಡಿಯಲ್ಲಿ ಮೇಲೆ ಕೆಳಗೆ ಆಡಿಸಿದರು. ಟ್ಯಾಂಕರಿನ ಹಗ್ಗ ಬಂತು. ಹಗ್ಗವನ್ನು ಯಾವುದರ ಮೇಲಿಂದ ಎಳೆಯುವುದು? ಗುಂಡಿಯ ಮೇಲೆಯೇ ಒಂದು ತೊಲೆ ಇತ್ತು. ಎಲ್ಲರೂ ನನ್ನ ಕಡೆ ನೋಡಿದರು. ಅದು ಪೊಳ್ಳಾಗಿದ್ದರೆ ಇಡೀ ಮಾಳಿಗೆಯ ಮಣ್ಣು ನಮ್ಮೆಲ್ಲರ ಮೇಲೆ ಬರುತ್ತಿತ್ತು. ನಕ್ಷೆಯಲ್ಲಿ ಆ ತೊಲೆಗೆ ನಾನು ಹಾಕಿದ ಗುರುತು 'ಗಟ್ಟಿ'. ಕಾಗದದ ಮೇಲೆ ಬರೆಯುವಾಗ ಆ ಮಾತಿಗೆ ಇಷ್ಟು ತೂಕ ಇರಲಿಲ್ಲ.

"ಗಟ್ಟಿ ಅದ. ಹಾಕ್ರಿ" ಎಂದೆ.

ಮೋನಪ್ಪ ತಾವೇ ಹಗ್ಗವನ್ನು ಕಂಕುಳಡಿ ಸುತ್ತಿಕೊಂಡರು. ಎಳೆಯುವಾಗ ತೊಲೆ ನರಳಿತು. ನನ್ನ ತಲೆಯ ಮೇಲೆ, ಹೆಗಲ ಮೇಲೆ ಸಣ್ಣಗೆ ಮಣ್ಣು ಸುರಿಯಿತು. ನಾನು ಕಣ್ಣು ಮುಚ್ಚಿದ್ದೆ. ಕಣ್ಣು ತೆರೆದಾಗ ಅವರು ನೆಲದ ಮೇಲಿದ್ದರು. ಮೈಯೆಲ್ಲ ಹಳೆಯ ಜೋಳದ ಬೂದು ಧೂಳು, ಹುಬ್ಬು ರೆಪ್ಪೆಯೂ ಬಿಡದೆ. ಬಲಗಾಲು ವಾರೆಯಾಗಿತ್ತು. ನಾವೆಲ್ಲ ಸುತ್ತ ನಿಂತಿರುವುದನ್ನು ಒಂದು ಸುತ್ತು ನೋಡಿ ಹೇಳಿದ ಮೊದಲ ಮಾತು, "ನಿಮ್ಮೂರ ಮಂದಿಗಿ ಕರದ್ರ ಓಡಿ ಬರೂದು ಗೊತ್ತಿಲ್ಲ, ಓಡಿ ಹೋಗೂದಷ್ಟೇ ಗೊತ್ತೇನ್ರೋ?"

ವೈಜಿನಾಥ ಅಳುತ್ತ ನಕ್ಕರು.

ವೈಜಿನಾಥರ ಟ್ರ್ಯಾಕ್ಟರಿನಲ್ಲೇ ಔರಾದಿಗೆ, ಅಲ್ಲಿಂದ ಬೀದರಿಗೆ ಸಾಗಿಸಿದೆವು. ಕಾಲು ಮುರಿದಿತ್ತು. ಇನ್ನು ಸ್ವಲ್ಪ ಹೊತ್ತು ಆ ಗಾಳಿಯಲ್ಲಿದ್ದರೆ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು.

ಮೂರನೆಯ ದಿನ ಆಸ್ಪತ್ರೆಗೆ ಹೋದಾಗ ಅವರು ಎದ್ದು ಕುಳಿತಿದ್ದರು. ಫೋನು ಬಿದ್ದ ರಭಸಕ್ಕೇ ಒಡೆದಿತ್ತಂತೆ. ಓಣಿಯಲ್ಲಿ ಹೆಜ್ಜೆ ಸಪ್ಪಳ ಕೇಳಿದಾಗೆಲ್ಲ ಕರೆದರಂತೆ. ವೈಜಿನಾಥರನ್ನು ಗುರುತಿಸಿದ್ದು ಟ್ರ್ಯಾಕ್ಟರಿನ ಸದ್ದಿನಿಂದ, ನನ್ನನ್ನು ಬೂಟಿನ ಸಪ್ಪಳದಿಂದ. ಎರಡನೇ ಸಲ ಕರೆಯಲು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಹೆಜ್ಜೆಗಳು ಓಡಿಹೋಗುತ್ತಿದ್ದವಂತೆ. ನಾನು ತಲೆ ತಗ್ಗಿಸಿ, "ಯಾರೂ ಓ ಅನ್ನಲಿಲ್ಲ, ನಿಮಗ ಎಷ್ಟು ಕಷ್ಟ ಆಗಿರಬೇಕು" ಎಂದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಯಾರೂ ಅನ್ನಲಿಲ್ಲ ಅಂತೀರಿ?"

"ಹೌದ್ರಿ. ಕೊನೀಗಿ ತೇಜಮ್ಮನೇ ಮೊದಲು ಅಂದದ್ದು."

"ಇಲ್ರಿ" ಎಂದರು ಮೋನಪ್ಪ. ಮೊದಲ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ನಾ ಕರದಾಗೊಮ್ಮಿ ಓ ಅನ್ನೂದು ಕೇಳ್ತಿತ್ತಲ್ಲ. ಹೆಂಗಸಿನ ದನಿ. ಬಾಜೂಕ್ಕೇ ಕುಂತು ಅಂದಂಗ. ಅದು ಓ ಅಂತಿತ್ತಂತನೇ ನಾ ನಿದ್ದಿ ಮಾಡಲಿಲ್ಲ. ಕಣ್ಣು ಎಳದ್ರೂ ಯಾರೋ ಅದಾರ, ಇನ್ನೊಮ್ಮಿ ಕರದ್ರ ಬರ್ತಾರ ಅಂತ ಮತ್ತ ಕರದೆ."

ಗುಂಡಿಯ ಆಕಾರವೇ ಅಂಥದ್ದು, ದನಿ ಸುತ್ತಿ ಮರಳಿ ಬರುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆದು ವಿವರಿಸಿದೆ. ಕೆಟ್ಟ ಗಾಳಿಗೆ ತಲೆ ಮಂಪರಾದರೆ ಏನೇನೋ ಕೇಳುತ್ತದೆ ಎಂದೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಇರಬಹುದು ನಕ್ಷಾ ಬಾಯಿ. ಆದ್ರ ನಾ ವೈಜಿನಾಥಾ ಅಂದ್ರ, ಗುಂಡಿ ವೈಜಿನಾಥಾ ಅಂತನೇ ಅನಬೇಕಲ್ರಿ? ಓ ಹ್ಯಾಂಗ ಅಂತದ?"

ಗೆರೆ ಎಳೆದ ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡೆ. ತೇಜಮ್ಮನಿಗೆ ಇದನ್ನು ಹೇಳಿದಾಗ ಅವರು, "ಆ ಜ್ವಾಳಾ ಬೀಸಿ ಬೀಸಿ ಎಷ್ಟು ಮಂದಿ ಹೆಣಮಕ್ಕಳು ಸತ್ತಾರೋ ಆ ಮನ್ಯಾಗ" ಎಂದಷ್ಟೇ ಅಂದರು.

ನಾನು ನಕ್ಷೆಯನ್ನು ಮತ್ತೆ ಬರೆದೆ. ಮೊದಲಿನ ನಕ್ಷೆಯಲ್ಲಿ ಭವನದ ಹಿಂಭಾಗದಲ್ಲಿ ಸಾಮಾನಿಗೆಂದು ಒಂದು ಮುಚ್ಚಿದ ಕೋಣೆ ಇತ್ತು. ಅದನ್ನು ತೆಗೆದೆ. ನಾಲ್ಕೂ ಕಡೆ ಸೊಂಟದೆತ್ತರದ ಕಟ್ಟಿಗೆಯ ಕಟಾಂಜನ ಮಾತ್ರ, ಮೇಲೆಲ್ಲ ಬಯಲು. ಯಾವ ಮೂಲೆಯಲ್ಲಿ ಯಾರು ಕರೆದರೂ ಓಣಿಗೆ ಕೇಳಬೇಕು. ಹಲಗೆಯ ನೆಲವನ್ನು ಮೊಳದೆತ್ತರಕ್ಕೆ ಏರಿಸಿ, ಅಡಿಯಲ್ಲಿ ಬೆಳಕು ಗಾಳಿ ಆಡುವಂತೆ ಬಿಟ್ಟೆ. ಬಗ್ಗಿದರೆ ಈ ಕಡೆಯಿಂದ ಆ ಕಡೆ ಕಾಣುತ್ತದೆ. ಬಿರಾದಾರರ ಮನೆಯ ಕಂಬಗಳಲ್ಲಿ ಗಟ್ಟಿ ಉಳಿದವು ಒಂಬತ್ತು. ಹಗ್ಗ ಹೊತ್ತ ಆ ತೊಲೆ ಈಗ ಭವನದ ನಡುತೊಲೆ. ಹಗೇವಿನ ಮುಚ್ಚಳದ ಹಲಗೆಯಲ್ಲಿ ಗೆದ್ದಲು ತಿನ್ನದೆ ಉಳಿದ ಭಾಗವನ್ನು ಕೊಯ್ದು, ಬೇವಿನೆಣ್ಣೆ ಹಚ್ಚಿ, ಮೆಟ್ಟಿಲು ಮಾಡಿದವರು ಮೋನಪ್ಪ, ಕಾಲು ಚಾಚಿ ಕುಳಿತುಕೊಂಡೇ. ಈ ಭವನಕ್ಕೆ ಹೊಸ್ತಿಲು ಇಡಬೇಡಿ ಎಂದು ಹೇಳಿದವರು ತೇಜಮ್ಮ. ಇಟ್ಟಿಲ್ಲ.

ಆ ಸೆಪ್ಟೆಂಬರಿನಲ್ಲಿ ಮಳೆ ಬಂತು. ಹೊಡೆದದ್ದೇ ಹೊಡೆದದ್ದು. ಭವನದ ಕೆಳಗೆ ನೀರು ಹರಿಯಿತು, ಮೇಲೆ ಮಕ್ಕಳು ಕುಳಿತು ನೋಡಿದರು. ಅವತ್ತು ಆ ಮನೆಯಲ್ಲಿ 'ಓ' ಎಂದವರಲ್ಲಿ ಯಾರು ಯಾರು ಊರು ಬಿಟ್ಟರು ಎಂದು ವರ್ಷದ ಕೊನೆಗೆ ನಾನು ಲೆಕ್ಕ ಹಾಕಿದೆ. ತೇಜಮ್ಮ ಬಿಡಲಿಲ್ಲ. ವೈಜಿನಾಥ ಬಿಡಲಿಲ್ಲ. ಆ ಸೊಸೆಯೂ ಬಿಡಲಿಲ್ಲ. ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿ, ಅಮ್ಮನನ್ನೂ ಕರೆದುಕೊಂಡು, ಮೈಲೂರಿನ ಮನೆಗೆ ಬೀಗ ಹಾಕಿದವಳು ನಾನೊಬ್ಬಳೇ. ಬೀಗಕ್ಕೆ ಅಮ್ಮ ಒಂದು ಬಟ್ಟೆಯ ಚೂರು ಸುತ್ತುವಾಗ ನಾನು ಬೇರೆ ಕಡೆ ನೋಡಿದೆ.

ಈಗ ಆ ಊರಿನಲ್ಲಿ ಒಂದು ರೂಢಿ ಬಂದಿದೆ. ಭವನದಲ್ಲಿ ಯಾರೇ ಯಾರನ್ನೇ ಕರೆಯಲಿ, ಅಲ್ಲಿ ಕುಳಿತವರೆಲ್ಲ ಒಟ್ಟಿಗೆ ಓ ಎನ್ನುತ್ತಾರೆ. ಹೊಸದಾಗಿ ಬಂದವರು ಬೆಚ್ಚಿಬೀಳುತ್ತಾರೆ, ಮಕ್ಕಳು ನಗುತ್ತವೆ. ನನಗೂ ಅದೇ ಅಭ್ಯಾಸ ಉಳಿದಿದೆ. ಯಾರಾದರೂ ಒಂದೇ ಸಲ ಕರೆದರೂ ಸಾಕು, ಮೊದಲು ಓ ಎನ್ನುತ್ತೇನೆ, ಆಮೇಲೆ ಯಾರೆಂದು ತಿರುಗಿ ನೋಡುತ್ತೇನೆ. ಹೆಚ್ಚಿನ ಸಲ ಯಾರಾದರೂ ಇರುತ್ತಾರೆ. ಎರಡು ಸಲ ಮಾತ್ರ ಯಾರೂ ಇರಲಿಲ್ಲ. ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಓ ಎಂದದ್ದಕ್ಕೆ ಪಶ್ಚಾತ್ತಾಪವಿಲ್ಲ.